ಜನಪ್ರತಿನಿಧಿಯ ಸದನಕಾರ್ಯವನ್ನು ಅರಿಯುವ ಬಗೆ

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಸಾಗುವ ದಾರಿಯಲ್ಲಿರುವ ಬಾಳೂರಿನಂತಹ ಮಲೆನಾಡಿನ ಊರುಗಳಲ್ಲಿ ಶಾಸಕರ ಯೋಗ್ಯತೆಯನ್ನು ಅಳೆಯುವುದಕ್ಕೆ ಜನರು ಬಹುಕಾಲದಿಂದ ಕೆಲವು ಅಳತೆಗೋಲುಗಳನ್ನು ಇಟ್ಟುಕೊಂಡಿದ್ದಾರೆ. ಮಳೆಗಾಲ ಮುಗಿದ ಮೇಲೆ ರಸ್ತೆಯ ಗುಂಡಿ ಮುಚ್ಚಿತೇ, ಮದುವೆಯ ಮನೆಗೆ ಬಂದು ಅಕ್ಷತೆ ಹಾಕಿದರೇ, ಸಾವಿನ ಮನೆಗೆ ಬಂದು ಎರಡು ಸಾಂತ್ವನದ ಮಾತನಾಡಿದರೇ, ತಾಲೂಕು ಕಚೇರಿಯಲ್ಲಿ ನಿಂತುಹೋದ ಕಾಗದವನ್ನು ಮುಂದಕ್ಕೆ ದೂಡಿದರೇ ಎಂಬುವೇ ಆ ಅಳತೆಗೋಲುಗಳು. ಇವು ಅಲ್ಲಗಳೆಯತಕ್ಕ ಅಳತೆಗಳಲ್ಲ. ಕಷ್ಟದಲ್ಲಿ ಕಣ್ಣಿಗೆ ಕಾಣುವವನನ್ನು ಜನ ನೆನೆಯುವುದು ಸಹಜವೇ. ಆದರೆ ಶಾಸಕ ಎಂಬ ಪದದ ಅರ್ಥವೇ ಶಾಸನ ಮಾಡುವವನು ಎಂದಾಗಿರುವಾಗ, ಆ ಕಾರ್ಯವನ್ನು ಆತ ಹೇಗೆ ನಡೆಸಿದ ಎಂಬ ವಿಚಾರ ಊರಿನ ಮಾತುಕತೆಯಲ್ಲಿ ತಲೆಯೆತ್ತದಿರುವುದು ಮಾತ್ರ ಸೋಜಿಗದ ಸಂಗತಿ.

2022ರ ನವೆಂಬರಿನಲ್ಲಿ ಮೂಡಿಗೆರೆ ತಾಲೂಕಿನ ಒಂದು ಹಳ್ಳಿಯಲ್ಲಿ ಕಾಡಾನೆಯ ದಾಳಿಗೆ ಮಹಿಳೆಯೊಬ್ಬರು ಬಲಿಯಾದಾಗ, ಸ್ಥಳಕ್ಕೆ ಬಂದ ಅಂದಿನ ಶಾಸಕರನ್ನು ರೊಚ್ಚಿಗೆದ್ದ ಜನರು ಮುತ್ತಿದ ಸುದ್ದಿ ನಾಡಿನ ಎಲ್ಲ ಪತ್ರಿಕೆಗಳಲ್ಲಿಯೂ ಬಂದಿತು. ಆ ಸಿಟ್ಟಿನ ಹಿಂದಿದ್ದ ದುಃಖ ನಿಜವಾದುದು. ಆದರೆ ಅದೇ ಕಾಡಾನೆಯ ಹಾವಳಿ ವಿಧಾನಸಭೆಯಲ್ಲಿ ಯಾವ ದಿನ, ಯಾರ ಪ್ರಶ್ನೆಯಾಗಿ ಬಂದಿತು, ಅರಣ್ಯ ಸಚಿವರು ಕೊಟ್ಟ ಉತ್ತರವೇನು, ಆ ಉತ್ತರದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ವಿಚಾರಿಸಿದವರು ಎಷ್ಟು ಮಂದಿ? ಅದನ್ನೆಲ್ಲ ಬರೆದಿಟ್ಟ ದಾಖಲೆಯಂತೂ ಉಂಟು. ಸದನದಲ್ಲಿ ಆಡಿದ ಮಾತು, ಕೇಳಿದ ಪ್ರಶ್ನೆ, ಹೆಸರು ಹಿಡಿದು ಎಣಿಸಿದಾಗ ಕೊಟ್ಟ ಮತ, ಇವೆಲ್ಲ ಅಚ್ಚಾಗಿ ಉಳಿಯುತ್ತವೆ. ಓದುವ ಬಗೆ ತಿಳಿದವರಿಗೆ ಅದು ತೆರೆದ ಪುಸ್ತಕ. ತಿಳಿಯದವರಿಗೆ ಬರಿಯ ಅಂಕಿಗಳ ರಾಶಿ.

ಸದನದ ಒಂದು ಪ್ರಶ್ನೆಗೂ ಒಂದು ಮತಕ್ಕೂ ಎಷ್ಟು ತೂಕವಿರಬಲ್ಲುದೆಂಬುದಕ್ಕೆ ದೂರದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಚಿಕ್ಕಮಗಳೂರಿನ ಹೆಸರೇ ಆ ಕಥೆಯೊಂದಿಗೆ ಬೆಸೆದುಕೊಂಡಿದೆ. 1978ರಲ್ಲಿ ಲೋಕಸಭಾ ಸದಸ್ಯರಾಗಿದ್ದ ಡಿ. ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟದ್ದರಿಂದ ನಡೆದ ಉಪಚುನಾವಣೆಯಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ವೀರೇಂದ್ರ ಪಾಟೀಲರ ವಿರುದ್ಧ ಸ್ಪರ್ಧಿಸಿ ಗೆದ್ದ ಸಂಗತಿ ಸರ್ವವಿದಿತ. ಆ ಚುನಾವಣೆಯ ಗದ್ದಲ, ಘೋಷಣೆಗಳು, ಕಾಫಿ ತೋಟಗಳ ನಡುವೆ ಓಡಾಡಿದ ಕಾರುಗಳ ಸಾಲು, ಇವನ್ನು ಹಿರಿಯರು ಇಂದಿಗೂ ವರ್ಣಿಸುವುದುಂಟು. ಆದರೆ ಆ ಗೆಲುವಿನ ಮೇಲೆ ಎರಡು ತಿಂಗಳು ತುಂಬುವುದರೊಳಗೆ ನಡೆದ ಇನ್ನೊಂದು ಮತದಾನದ ವಿಷಯ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಆ ಮತದಾನ ನಡೆದದ್ದು ಚಿಕ್ಕಮಗಳೂರಿನಲ್ಲಲ್ಲ, ದೆಹಲಿಯ ಲೋಕಸಭೆಯಲ್ಲಿ.

ಅದರ ಮೂಲ ಒಂದು ಪ್ರಶ್ನೆ. 1975ರಲ್ಲಿ ಮಾರುತಿ ಲಿಮಿಟೆಡ್ ಎಂಬ ಕಾರು ಕಂಪೆನಿಯ ವಿಷಯವಾಗಿ ಲೋಕಸಭೆಯಲ್ಲಿ ಪ್ರಶ್ನೆಯೊಂದು ಬಂದಿತ್ತು. ಸಚಿವರು ಉತ್ತರ ಕೊಡಬೇಕಾದರೆ ಇಲಾಖೆಯ ಅಧಿಕಾರಿಗಳು ಮಾಹಿತಿಯನ್ನು ಕಲೆಹಾಕಬೇಕಷ್ಟೆ. ಹಾಗೆ ಕಲೆಹಾಕುತ್ತಿದ್ದ ನಾಲ್ವರು ಅಧಿಕಾರಿಗಳಿಗೆ ಅಂದಿನ ಪ್ರಧಾನಿಯವರು ಅಡ್ಡಿಪಡಿಸಿದರು, ಅವರನ್ನು ಬೆದರಿಕೆಗೂ ಕಿರುಕುಳಕ್ಕೂ ಗುರಿಮಾಡಿದರು ಎಂಬ ಆಪಾದನೆ 1977ರ ತರುವಾಯ ಸದನದ ಮುಂದೆ ಬಂದಿತು. ಲೋಕಸಭೆಯ ಹಕ್ಕುಬಾಧ್ಯತಾ ಸಮಿತಿ ವಿಚಾರಣೆ ನಡೆಸಿ, ಸದನದ ಹಕ್ಕುಚ್ಯುತಿಯಾಗಿದೆಯೆಂದು ವರದಿ ಕೊಟ್ಟಿತು. 1978ರ ಡಿಸೆಂಬರ್ 19ರಂದು ಆ ವರದಿಯ ಮೇಲಿನ ಗೊತ್ತುವಳಿಗೆ ಮತ ತೆಗೆದುಕೊಳ್ಳಲಾಯಿತು. ಪರವಾಗಿ 279, ವಿರುದ್ಧವಾಗಿ 138. ಚಿಕ್ಕಮಗಳೂರಿನ ಸದಸ್ಯರು ಲೋಕಸಭೆಯಿಂದ ಉಚ್ಚಾಟಿತರಾದರು. ಅಧಿವೇಶನ ಮುಗಿಯುವವರೆಗೆ ಅವರನ್ನು ತಿಹಾರ್ ಸೆರೆಮನೆಯಲ್ಲಿ ಇಡಲಾಯಿತು. ಕಾಲಚಕ್ರ ಉರುಳಿತು. 1980ರ ಚುನಾವಣೆಯಲ್ಲಿ ಅವರ ಪಕ್ಷವೇ ಬಹುಮತದಿಂದ ಬಂದಿತು. 1981ರ ಮೇ 7ರಂದು ಅದೇ ಲೋಕಸಭೆ, ಅಂದರೆ ಅದೇ ಸದನ ಬೇರೆ ಸದಸ್ಯರೊಡನೆ, ಹಿಂದಿನ ಆ ನಿರ್ಣಯವನ್ನು ರದ್ದುಗೊಳಿಸಿತು.

ಮೊದಲಿನ ನಿರ್ಣಯ ನ್ಯಾಯವೋ, ಎರಡನೆಯದು ನ್ಯಾಯವೋ ಎಂಬ ಚರ್ಚೆ ಬೇರೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಕ್ಷೇತ್ರದ ಲಕ್ಷಾಂತರ ಮತದಾರರು ನವೆಂಬರಿನಲ್ಲಿ ಕೊಟ್ಟದ್ದನ್ನು ನಾನೂರಕ್ಕೂ ಹೆಚ್ಚು ಮಂದಿ ಸದಸ್ಯರ ಮತ ಡಿಸೆಂಬರಿನಲ್ಲಿ ನಿರ್ಧರಿಸಿತು. ಅದಕ್ಕೆಲ್ಲ ಮೂಲ ಕಾರ್ಖಾನೆಯೊಂದರ ಬಗ್ಗೆ ಕೇಳಿದ ಒಣ ಪ್ರಶ್ನೆ. ಅಂತಹ ಪ್ರಶ್ನೆಗಳು ಪ್ರತಿ ಅಧಿವೇಶನದಲ್ಲಿಯೂ ಸಾವಿರಗಟ್ಟಲೆ ಬರುತ್ತವೆ, ಯಾರೂ ಓದುವುದಿಲ್ಲ.

ಹಾಗಾದರೆ ಪ್ರತಿಯೊಂದು ವಿಷಯದಲ್ಲಿಯೂ ತಮ್ಮ ಪ್ರತಿನಿಧಿ ಹೇಗೆ ಮತ ಹಾಕಿದರೆಂದು ತಿಳಿಯಬಹುದೇ? ಇಲ್ಲ, ತಿಳಿಯಲಾಗದು. ಸಂವಿಧಾನದ 100 ಮತ್ತು 189ನೆಯ ವಿಧಿಗಳು ಹಾಜರಿದ್ದು ಮತ ನೀಡುವವರ ಬಹುಮತದಿಂದ ವಿಷಯಗಳು ತೀರ್ಮಾನವಾಗಬೇಕೆಂದು ಹೇಳುತ್ತವೆಯೇ ಹೊರತು, ಪ್ರತಿ ಸಲವೂ ಹೆಸರು ಬರೆದುಕೊಳ್ಳಬೇಕೆಂದು ವಿಧಿಸಿಲ್ಲ. ಆದಕಾರಣ ಬಹುಪಾಲು ಮಸೂದೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ. ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುತ್ತಾರೆ; ಹೌದೆನ್ನುವವರು ಹೌದೆನ್ನುತ್ತಾರೆ, ಅಲ್ಲವೆನ್ನುವವರು ಅಲ್ಲವೆನ್ನುತ್ತಾರೆ; ಯಾವ ಧ್ವನಿ ದೊಡ್ಡದೆಂದು ಅಧ್ಯಕ್ಷರ ಕಿವಿ ತೀರ್ಮಾನಿಸುತ್ತದೆ. ಕಡತದಲ್ಲಿ ಉಳಿಯುವುದು 'ಅಂಗೀಕೃತವಾಯಿತು' ಎಂಬ ಒಂದು ಮಾತು ಮಾತ್ರ. ಯಾರು ಹೌದೆಂದರು, ಯಾರು ಬಾಯಿ ಮುಚ್ಚಿಕೊಂಡಿದ್ದರು, ಯಾರು ಉಪಾಹಾರಗೃಹದಲ್ಲಿ ಕಾಫಿ ಕುಡಿಯುತ್ತಿದ್ದರು ಎಂಬುದಕ್ಕೆ ಲೆಕ್ಕವಿಲ್ಲ.

ಈ ಕ್ರಮವನ್ನು ಒಪ್ಪದ ಸದಸ್ಯರು ಮತವಿಭಜನೆಯನ್ನು ಕೇಳಬಹುದು. ಆಗ ಲೋಕಸಭೆಯಲ್ಲಿ ಪ್ರತಿ ಸದಸ್ಯನೂ ತನ್ನ ಆಸನದ ಗುಂಡಿಯನ್ನು ಒತ್ತುತ್ತಾನೆ. ಪರವಾದರೆ ಹಸಿರು ದೀಪ, ವಿರುದ್ಧವಾದರೆ ಕೆಂಪು, ತಟಸ್ಥನಾದರೆ ಹಳದಿ. ಹೆಸರುಗಳ ಪಟ್ಟಿ ನಡವಳಿಯ ಸಂಪುಟದಲ್ಲಿ ಸೇರುತ್ತದೆ. ಸಂವಿಧಾನದ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದುದರಿಂದ ಅಲ್ಲಿ ಎಣಿಕೆ ತಪ್ಪದು. 2023ರ ಸೆಪ್ಟೆಂಬರ್ 20ರಂದು ಲೋಕಸಭೆಗೂ ವಿಧಾನಸಭೆಗಳಿಗೂ ಮಹಿಳಾ ಮೀಸಲಾತಿಯನ್ನು ತರುವ ಮಸೂದೆ ಲೋಕಸಭೆಯಲ್ಲಿ 454 ಮತಗಳಿಂದ ಅಂಗೀಕಾರವಾಯಿತು. ವಿರುದ್ಧವಾಗಿ ಬಿದ್ದ ಮತ ಕೇವಲ 2. ಇಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಎಣಿಕೆಯ ದೆಸೆಯಿಂದ. ಇದಕ್ಕೆ ಪ್ರತಿಯಾಗಿ 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು, ವಿರೋಧ ಪಕ್ಷಗಳು ಮತವಿಭಜನೆಯನ್ನು ಕೇಳಿದ್ದಾಗ್ಯೂ, ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾದವು. ದೇಶದ ರೈತರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ಕಾನೂನುಗಳಿಗೆ ರಾಜ್ಯಸಭೆಯಲ್ಲಿ ಯಾರು ಹೇಗೆ ಮತ ಹಾಕಿದರೆಂಬ ಪಟ್ಟಿಯೇ ಇಲ್ಲ!

ಹೆಸರು ಹಿಡಿದು ಪಟ್ಟಿ ಮಾಡುವ ಪದ್ಧತಿ ಹೊಸದಲ್ಲ. ಇಂಗ್ಲೆಂಡಿನ ಕಾಮನ್ಸ್ ಸಭೆ 1836ರಿಂದ ಮತವಿಭಜನೆಯ ಪಟ್ಟಿಗಳನ್ನು ತಾನೇ ಪ್ರಕಟಿಸುತ್ತ ಬಂದಿದೆ. ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, 144 ಮಂದಿಯ ಪ್ರಜಾಪ್ರತಿನಿಧಿ ಸಭೆ ಮೊದಲಬಾರಿಗೆ ಸೇರಿದಾಗ ಸದಸ್ಯರಿಗೆ ಮತ ಹಾಕುವ ಅಧಿಕಾರವಿರಲಿಲ್ಲ. ಊರಿನ ಅಹವಾಲನ್ನು ದಿವಾನರ ಮುಂದೆ ನಿವೇದಿಸುವುದಷ್ಟೇ ಅವರ ಹಕ್ಕು. ಮತಕ್ಕಿಂತ ಮೊದಲು ಈ ನಾಡಿಗೆ ಬಂದದ್ದು ಕೇಳುವ ಹಕ್ಕು ಎಂಬುದನ್ನು ನೆನಪಿನಲ್ಲಿಡುವುದು ಮುಂದಿನ ಮಾತಿಗೆ ಅವಶ್ಯಕ.

ಕರ್ನಾಟಕ ವಿಧಾನಸಭೆಯಲ್ಲಿ ಎಣಿಕೆ ಹೇಗೆ ನಡೆಯುತ್ತದೆಂಬುದನ್ನು 2019ರ ಜುಲೈ 23ರ ಸಂಜೆ ಇಡೀ ನಾಡು ದೂರದರ್ಶನದಲ್ಲಿ ಕಂಡಿತು. ಎಚ್. ಡಿ. ಕುಮಾರಸ್ವಾಮಿಯವರ ವಿಶ್ವಾಸಮತದ ಗೊತ್ತುವಳಿಗೆ ಸದಸ್ಯರನ್ನು ಸಾಲು ಸಾಲಾಗಿ ಎದ್ದು ನಿಲ್ಲಿಸಿ ತಲೆ ಎಣಿಸಲಾಯಿತು. ಪರವಾಗಿ 99, ವಿರುದ್ಧವಾಗಿ 105; ಸರಕಾರ ಬಿದ್ದಿತು. ಆ ದಿನ ಭಾರತೀಯ ಜನತಾ ಪಕ್ಷದ ಸದಸ್ಯಬಲವೂ 105 ಆಗಿತ್ತು. 2018ರಲ್ಲಿ ಮೂಡಿಗೆರೆಯಿಂದ ಗೆದ್ದಿದ್ದ ಎಂ. ಪಿ. ಕುಮಾರಸ್ವಾಮಿಯವರು ಆ ಪಕ್ಷದವರು. ಆದುದರಿಂದ ಬಾಳೂರಿನ ಮತದಾರನು ತನ್ನ ಶಾಸಕರ ಮತ ಎಲ್ಲಿ ಬಿದ್ದಿತೆಂಬುದನ್ನು ಪಟ್ಟಿ ನೋಡದೆಯೇ ಹೇಳಬಹುದಾಗಿತ್ತು. ಇಲ್ಲಿಯೇ ಒಂದು ತೊಡಕೂ ಇದೆ. ಪಟ್ಟಿ ನೋಡದೆ ಹೇಳಬಹುದಾದ ಮತವು ಸದಸ್ಯನ ವಿಷಯವಾಗಿ ಏನನ್ನು ತಿಳಿಸೀತು?

1985ರಲ್ಲಿ ಸಂವಿಧಾನಕ್ಕೆ 52ನೆಯ ತಿದ್ದುಪಡಿಯಾಗಿ ಹತ್ತನೆಯ ಅನುಸೂಚಿ ಸೇರಿದ ಮೇಲೆ, ಪಕ್ಷದ ಸಚೇತಕರ ಆಜ್ಞೆಯನ್ನು, ಅಂದರೆ ವಿಪ್ ಎಂದು ಪತ್ರಿಕೆಗಳು ಬರೆಯುವ ಅಪ್ಪಣೆಯನ್ನು, ಮೀರಿ ಮತ ಹಾಕಿದವನೂ ಮತ ಹಾಕದೆ ಉಳಿದವನೂ ಸದಸ್ಯತ್ವವನ್ನು ಕಳೆದುಕೊಳ್ಳಬಹುದು. ಪಕ್ಷ ಹದಿನೈದು ದಿನಗಳೊಳಗೆ ಮನ್ನಿಸಿದರೆ ಮಾತ್ರ ಉಳಿವು. ಪಕ್ಷಾಂತರದ ಪಿಡುಗನ್ನು ತಡೆಯಲು ಬಂದ ಕಾನೂನು ಇದು. ಅದು ಎಷ್ಟರಮಟ್ಟಿಗೆ ತಡೆಯಿತೆಂಬುದನ್ನು 2019ರ ಜುಲೈ ತಿಂಗಳೇ ತೋರಿಸಿತು. 17 ಮಂದಿ ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದರು. ಅದೇ ವರ್ಷ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅನರ್ಹತೆಯನ್ನು ಎತ್ತಿಹಿಡಿದು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ತೆಗೆದುಹಾಕಿತು. ಪಕ್ಷ ಬಿಡುವವನನ್ನು ತಡೆಯಲಾರದ ಈ ಕಾನೂನು, ಪಕ್ಷದಲ್ಲಿದ್ದುಕೊಂಡೇ ಒಂದು ಮಸೂದೆಯ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳುವವನ ಕೈಯನ್ನು ಮಾತ್ರ ಗಟ್ಟಿಯಾಗಿ ಕಟ್ಟಿಹಾಕಿದೆ. ಹೀಗಾಗಿ ಭಾರತದಲ್ಲಿ ಮತದ ಪಟ್ಟಿ ಮುಖ್ಯವಾಗಿ ಪಕ್ಷದ ಚರಿತ್ರೆ. ಸದಸ್ಯನ ಚರಿತ್ರೆ ಅಲ್ಲ.

ಹಾಗೆಂದು ಅದನ್ನು ಕಸವೆಂದು ಎಸೆಯಲಾಗದು. 2020ರ ಡಿಸೆಂಬರ್ 8ರಂದು ವಿಧಾನಪರಿಷತ್ತಿನಲ್ಲಿ ಭೂಸುಧಾರಣಾ ತಿದ್ದುಪಡಿ ಮಸೂದೆ ಮತಕ್ಕೆ ಬಂದಾಗ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದೆಂಬ ಆ ಬದಲಾವಣೆಗೆ 37 ಮತಗಳು ಪರವಾಗಿಯೂ 21 ಮತಗಳು ವಿರುದ್ಧವಾಗಿಯೂ ಬಿದ್ದವು. ಜಾತ್ಯತೀತ ಜನತಾದಳದ ಬೆಂಬಲದಿಂದ ಮಸೂದೆ ಗೆದ್ದಿತು. ಹೊರಗಿನ ಹಣವಂತರು ಗದ್ದೆ ತೋಟಗಳನ್ನು ಕೊಳ್ಳಲು ಬರುವ ಮಲೆನಾಡಿಗೆ ಆ ಕಾನೂನಿನ ಪರಿಣಾಮ ಸಣ್ಣದಲ್ಲ. ಸದನದ ಹೊರಗೆ ಭಾಷಣದಲ್ಲಿ ಆಡಿದ್ದಕ್ಕೂ ಒಳಗೆ ಮತ ಹಾಕಿದ್ದಕ್ಕೂ ತಾಳೆ ನೋಡಲು ಇಂತಹ ಎಣಿಕೆಗಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ.

ಸದಸ್ಯನ ಸ್ವಂತ ಗುಣ ಹೆಚ್ಚಾಗಿ ಕಾಣುವುದು ಪ್ರಶ್ನೆಗಳಲ್ಲಿ. ಪ್ರಶ್ನೆ ಕೇಳುವುದಕ್ಕೆ ಸಚೇತಕರ ಅಪ್ಪಣೆ ಬೇಕಾಗಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆಗಳನ್ನು ಹಾಕಬಹುದು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಸಾಕು. ಲೋಕಸಭೆಯಲ್ಲಿ ದಿನವೊಂದಕ್ಕೆ ಮೊದಲ ಬಗೆಯವು 20, ಎರಡನೆಯ ಬಗೆಯವು 230 ಪಟ್ಟಿಗೆ ಸೇರುತ್ತವೆ. ಚುಕ್ಕೆಯ ಪ್ರಶ್ನೆಗೆ ಮಾನ ಹೆಚ್ಚೆಂದು ತೋರಿದರೂ, ಪ್ರಶ್ನೋತ್ತರ ವೇಳೆ ಗದ್ದಲದಲ್ಲಿ ಮುಳುಗಿದ ದಿನ ಅದರ ಉತ್ತರವೂ ಕಾಗದವಾಗಿಯೇ ಮೇಜಿನ ಮೇಲೆ ಕುಳಿತುಕೊಳ್ಳುತ್ತದೆ. ಅಂಕಿ ಅಂಶಗಳನ್ನು ಹೊರತೆಗೆಯುವುದಕ್ಕೆ ಚುಕ್ಕೆಯಿಲ್ಲದ ಪ್ರಶ್ನೆಯೇ ಉತ್ತಮವೆಂದು ಅನುಭವಿಗಳಾದ ಸದಸ್ಯರು ಬಲ್ಲರು.

ಪ್ರಶ್ನೆ ಸರಿಯಾದ ಬಾಗಿಲನ್ನು ತಟ್ಟಿತೇ ಎಂಬುದನ್ನು ಮೊದಲು ನೋಡಬೇಕು. ಕಾಫಿಯ ಬೆಳೆಗಾರ ಕೃಷಿಕನೇ ಆದರೂ ಕಾಫಿ ಮಂಡಳಿ ಇರುವುದು ಕೇಂದ್ರದ ವಾಣಿಜ್ಯ ಸಚಿವಾಲಯದ ಅಧೀನದಲ್ಲಿ; ಕೃಷಿ ಸಚಿವರನ್ನು ಕೇಳಿದರೆ ಪ್ರಶ್ನೆ ಅತ್ತಿಂದಿತ್ತ ಅಲೆಯುವುದಷ್ಟೇ ಫಲ. ಚಾರ್ಮಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ ಕುಸಿದರೆ ದೆಹಲಿಯಲ್ಲಿ ಕೇಳಬೇಕು. ಕೊಟ್ಟಿಗೆಹಾರದಿಂದ ಬಾಳೂರಿಗೆ ಬರುವ ದಾರಿ ಹಾಳಾದರೆ ಬೆಂಗಳೂರಿನಲ್ಲಿ. 2019ರ ಆಗಸ್ಟಿನ ಮಹಾಮಳೆಗೆ ಗುಡ್ಡಗಳು ಜರಿದು ಮೂಡಿಗೆರೆ ತಾಲೂಕಿನ ಮಲೆಮನೆಯಂತಹ ಗ್ರಾಮಗಳು ಮನೆ ಮಠಗಳನ್ನು ಕಳೆದುಕೊಂಡುವು. ಪುನರ್ವಸತಿಯ ಜಾಗ, ಪರಿಹಾರದ ಮೊತ್ತ, ಮನೆ ಕಟ್ಟಿಕೊಟ್ಟ ಲೆಕ್ಕ, ಇವು ರಾಜ್ಯದ ಕಂದಾಯ ಇಲಾಖೆ ಉತ್ತರಿಸಬೇಕಾದ ಪ್ರಶ್ನೆಗಳು. ಸರಕಾರಿ ಜಮೀನಿನಲ್ಲಿ ಎದ್ದಿರುವ ಸಣ್ಣ ಕಾಫಿ ತೋಟಗಳನ್ನು ಗುತ್ತಿಗೆಗೆ ಕೊಡುವ ವಿಷಯವೂ ಅದೇ ಇಲಾಖೆಯದು. ಆ ಜಮೀನು ಅರಣ್ಯವೆಂದು ದಾಖಲಾಗಿದ್ದರೆ ಮಾತ್ರ ಕಥೆಯೇ ಬೇರೆ. ಯಾವ ವಿಷಯ ಯಾವ ಸದನದ್ದೆಂದು ತಿಳಿಯದೆ ಲೋಕಸಭಾ ಸದಸ್ಯರನ್ನು ಹಳ್ಳಿಯ ಮೋರಿಗಾಗಿ ಬೈಯುವುದೂ, ಕಾಫಿಯ ಆಮದು ಸುಂಕಕ್ಕಾಗಿ ಶಾಸಕರನ್ನು ಬೈಯುವುದೂ ನಡೆದೇ ಇದೆ. ಬೈಸಿಕೊಂಡವರಿಗೆ ಇದರಿಂದ ಅನುಕೂಲವೇ, ಏಕೆಂದರೆ ಉತ್ತರ ಹೇಳಬೇಕಾದ ಪ್ರಶ್ನೆಯಿಂದ ಅವರು ತಪ್ಪಿಸಿಕೊಳ್ಳುತ್ತಾರೆ.

ಎರಡನೆಯದು ಉತ್ತರವನ್ನು ಓದುವ ಬಗೆ. 'ಪರಿಶೀಲನೆಯಲ್ಲಿದೆ' ಎಂಬ ಉತ್ತರಕ್ಕೂ 'ಮಾಹಿತಿಯನ್ನು ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು' ಎಂಬ ಉತ್ತರಕ್ಕೂ ಹೊರನೋಟಕ್ಕೆ ಹೆಚ್ಚು ವ್ಯತ್ಯಾಸ ಕಾಣದು. ಎರಡೂ ಸದನಕ್ಕೆ ಕೊಟ್ಟ ಭರವಸೆಯೆಂದು ಎಣಿಸಲ್ಪಡಬಹುದು. ಅಂತಹ ಮಾತುಗಳನ್ನು ಆಯ್ದು, ಈಡೇರಿದುವೇ ಎಂದು ವಿಚಾರಿಸಲು ಸರಕಾರಿ ಭರವಸೆಗಳ ಸಮಿತಿ ಎಂಬುದೊಂದು ಉಂಟು. ಪ್ರಶ್ನೆ ಕೇಳಿ ಪತ್ರಿಕೆಯಲ್ಲಿ ಹೆಸರು ಬಂದೊಡನೆ ಮರೆತವನಿಗೂ, ಮುಂದಿನ ಅಧಿವೇಶನದಲ್ಲಿ ಹಳೆಯ ಉತ್ತರದ ಸಂಖ್ಯೆಯನ್ನು ಹಿಡಿದು 'ಅಂದು ಕೊಟ್ಟ ಭರವಸೆ ಏನಾಯಿತು?' ಎಂದು ಕೇಳಿದವನಿಗೂ ಇರುವ ಅಂತರ ದೊಡ್ಡದು. ಎರಡನೆಯ ಬಗೆಯ ಸದಸ್ಯರು ಯಾವ ಪಕ್ಷದಲ್ಲಿದ್ದರೂ ಅಧಿಕಾರಿಗಳು ಅವರಿಗೆ ಅಂಜುತ್ತಾರೆ.

ಅಂಕಿಗಳ ಮೋಹದ ವಿಷಯವಾಗಿಯೂ ಎಚ್ಚರಿಕೆ ಅಗತ್ಯ. 2005ರಲ್ಲಿ ಹುಟ್ಟಿದ ಪಿಆರ್‌ಎಸ್ ಎಂಬ ದೆಹಲಿಯ ಸಂಸ್ಥೆ ಪ್ರತಿ ಸಂಸತ್ಸದಸ್ಯರ ಹಾಜರಿ, ಭಾಗವಹಿಸಿದ ಚರ್ಚೆಗಳು, ಕೇಳಿದ ಪ್ರಶ್ನೆಗಳು, ತಂದ ಖಾಸಗಿ ಮಸೂದೆಗಳು, ಇವನ್ನು ಲೆಕ್ಕ ಹಾಕಿ ಪ್ರಕಟಿಸುತ್ತ ಬಂದಿದೆ. ಬಹೂಪಯುಕ್ತವಾದ ಕೆಲಸ. ಆದರೆ ಪತ್ರಿಕೆಗಳು ಆ ಅಂಕಿಗಳನ್ನು ಪರೀಕ್ಷೆಯ ಫಲಿತಾಂಶದಂತೆ ಅಚ್ಚು ಹಾಕಿದಾಗ ಅನ್ಯಾಯವಾಗುತ್ತದೆ. ಸಚಿವರಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ; ಉತ್ತರಿಸುವುದು ಅವರ ಪಾಲಿನ ಕೆಲಸ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಿಂದ 2014ರಲ್ಲಿಯೂ 2019ರಲ್ಲಿಯೂ ಆಯ್ಕೆಯಾದ ಶೋಭಾ ಕರಂದ್ಲಾಜೆಯವರು 2021ರ ಜುಲೈನಲ್ಲಿ ಕೇಂದ್ರದ ರಾಜ್ಯ ಸಚಿವೆಯಾದರು. ಅಲ್ಲಿಂದ ಮುಂದೆ ಅವರ ಹೆಸರಿನಲ್ಲಿ ಪ್ರಶ್ನೆಗಳು ಕಾಣದಿರುವುದನ್ನು ಮೌನವೆಂದು ತಿಳಿದರೆ ತಪ್ಪಾದೀತು. ಅದೇ ರೀತಿ ಡಿ. ವಿ. ಸದಾನಂದ ಗೌಡರು 2011ರಲ್ಲಿ ಮುಖ್ಯಮಂತ್ರಿಗಳಾದ ಕಾರಣ ನಡೆದ 2012ರ ಉಪಚುನಾವಣೆಯಲ್ಲಿ ಗೆದ್ದ ಕೆ. ಜಯಪ್ರಕಾಶ ಹೆಗ್ಡೆಯವರಿಗೆ ಸಿಕ್ಕ ಅವಧಿ ಎರಡು ವರ್ಷಗಳಷ್ಟು. ಅವರ ಒಟ್ಟು ಪ್ರಶ್ನೆಗಳನ್ನು ಐದು ವರ್ಷ ಕುಳಿತವರ ಒಟ್ಟಿನೊಡನೆ ಹೋಲಿಸುವುದು ಲೆಕ್ಕವೇ ಅಲ್ಲ. ಖಾಸಗಿ ಮಸೂದೆಗಳ ಮಾತೂ ಹೀಗೆಯೇ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಅಂಗೀಕಾರವಾದ ಖಾಸಗಿ ಸದಸ್ಯರ ಮಸೂದೆಗಳು 14 ಮಾತ್ರ. 1970ರ ಈಚೆಗೆ ಒಂದೂ ಇಲ್ಲ. ಅವುಗಳನ್ನು ಕಾನೂನಾಗುವ ಆಸೆಯಿಂದಲ್ಲ, ವಿಷಯ ಕಡತ ಸೇರಲೆಂಬ ಉದ್ದೇಶದಿಂದ ಮಂಡಿಸುತ್ತಾರೆ. ಹಾಜರಿಯೂ ಸಹಿಯೇ ಹೊರತು ಸಾನ್ನಿಧ್ಯವಲ್ಲ. ತರಗತಿಯಲ್ಲಿ ಹಾಜರಿ ಹೇಳಿ ಕಿಟಕಿಯ ಹೊರಗೆ ನೋಡುವ ಹುಡುಗರನ್ನು ಬಲ್ಲ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಜ್ಯದ ಶಾಸಕರ ಮಟ್ಟಿಗೆ ಇನ್ನೊಂದು ಕೊರತೆ. ಸದನವೇ ಸೇರದಿದ್ದರೆ ಸದಸ್ಯ ಕೇಳುವುದಾದರೂ ಎಲ್ಲಿ? ವಿಧಾನಮಂಡಲ ವರ್ಷಕ್ಕೆ 60 ದಿನಗಳಿಗೆ ಕಡಿಮೆಯಿಲ್ಲದಂತೆ ಸೇರಬೇಕೆಂದು ಕರ್ನಾಟಕವೇ 2005ರಲ್ಲಿ ಕಾನೂನು ಮಾಡಿಕೊಂಡಿತು. ಆದರೆ ಬಹುತೇಕ ವರ್ಷಗಳಲ್ಲಿ ಆ ಸಂಖ್ಯೆ ಮುಟ್ಟಿಲ್ಲ. ಶಾಸನ ಮಾಡುವ ಮನೆ ತಾನೇ ಮಾಡಿದ ಶಾಸನವನ್ನು ಮೀರಿದರೆ ಕೇಳುವವರಾರು? ಮೂಡಿಗೆರೆ ಮೀಸಲು ಕ್ಷೇತ್ರದಿಂದ 1978ರಲ್ಲಿ ಮೊದಲು ಆರಿಸಿಬಂದು, ಮುಂದೆ ಸಚಿವೆಯಾಗಿಯೂ ಮೇಲ್ಮನೆಯ ಸದಸ್ಯೆಯಾಗಿಯೂ ಇದ್ದ ಮೋಟಮ್ಮನವರಿಂದ ಹಿಡಿದು, ಬಿ. ಬಿ. ನಿಂಗಯ್ಯನವರು, ಎಂ. ಪಿ. ಕುಮಾರಸ್ವಾಮಿಯವರು, 2023ರಲ್ಲಿ ಗೆದ್ದ ನಯನಾ ಮೋಟಮ್ಮನವರವರೆಗೆ ಇಲ್ಲಿಯ ಸದಸ್ಯರ ಮಾತುಗಳೆಲ್ಲ ವಿಧಾನಮಂಡಲದ ನಡವಳಿ ಸಂಪುಟಗಳಲ್ಲಿ ಇವೆ. ನಾಲ್ಕು ದಶಕಗಳಲ್ಲಿ ಈ ಗುಡ್ಡಗಾಡಿನ ಕಷ್ಟಗಳು ಹೇಗೆ ಬದಲಾದುವು, ಯಾವುವು ಬದಲಾಗದೆಯೇ ಉಳಿದುವು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಚರಿತ್ರೆ ಸಿಗಲಾರದು. ಸಭಾಧ್ಯಕ್ಷರು ಕಡತದಿಂದ ತೆಗೆಸಿದ ಮಾತುಗಳು ಮಾತ್ರ ಅಲ್ಲಿರುವುದಿಲ್ಲ. ಪತ್ರಿಕೆಗಳು ದಪ್ಪಕ್ಷರದಲ್ಲಿ ಹಾಕುವುದು ಬಹಳಮಟ್ಟಿಗೆ ಆ ಮಾತುಗಳನ್ನೇ.

ಇದೆಲ್ಲಕ್ಕಿಂತ ಶಾಲೆಯ ಉಪಾಧ್ಯಾಯರಿಗೆ ಹತ್ತಿರವಾದುದು ವಿಧಾನಪರಿಷತ್ತು. 75 ಸ್ಥಾನಗಳ ಆ ಸದನದಲ್ಲಿ 7 ಸ್ಥಾನಗಳನ್ನು ಶಿಕ್ಷಕರು ಆರಿಸುತ್ತಾರೆ. ಸಂವಿಧಾನದ 171ನೆಯ ವಿಧಿಯಂತೆ ಪ್ರೌಢಶಾಲೆಗಿಂತ ಕಡಿಮೆಯಲ್ಲದ ಸಂಸ್ಥೆಯಲ್ಲಿ ಮೂರು ವರ್ಷ ಪಾಠ ಹೇಳಿದವರಿಗೆ ಈ ಮತ ಉಂಟು. ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಇಲ್ಲ, ಇದು ಅವರ ಹಳೆಯ ಕೊರಗು. ಚಿಕ್ಕಮಗಳೂರು ಜಿಲ್ಲೆ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರುತ್ತದೆ. ಶಿವಮೊಗ್ಗ, ಉಡುಪಿ, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳೂ ಇದರೊಳಗಿವೆ. 2018ರಲ್ಲಿಯೂ 2024ರಲ್ಲಿಯೂ ಇಲ್ಲಿಂದ ಗೆದ್ದವರು ಚಿಕ್ಕಮಗಳೂರಿನವರೇ ಆದ ಎಸ್. ಎಲ್. ಭೋಜೇಗೌಡರು. ವಿಧಾನಸಭಾ ಕ್ಷೇತ್ರದ ಮತದಾರರು ಲಕ್ಷಗಟ್ಟಲೆಯಾದರೆ ಇಲ್ಲಿಯವರು ಸಾವಿರಗಟ್ಟಲೆ. ಆದುದರಿಂದ ಒಂದು ಶಾಲೆಯ ಹತ್ತು ಮಂದಿ ಉಪಾಧ್ಯಾಯರು ಕೂಡಿ ಬರೆದ ಪತ್ರಕ್ಕೆ ಇಲ್ಲಿ ಇರುವ ಬೆಲೆ ಬೇರೆಲ್ಲಿಯೂ ಇರದು.

ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತದ ಉಪಾಧ್ಯಾಯರೊಬ್ಬರು ನಿವೃತ್ತರಾದರೆ ಆ ಹುದ್ದೆಯನ್ನು ತುಂಬಲು ಸರಕಾರದ ಅನುಮತಿ ಬೇಕು. ಅನುಮತಿ ಬರುವವರೆಗೆ ಆಡಳಿತ ಮಂಡಳಿ ದಾನಿಗಳ ಹಣದಿಂದ ಸಂಬಳ ಕೊಟ್ಟು ತಾತ್ಕಾಲಿಕ ಉಪಾಧ್ಯಾಯರನ್ನು ಇಟ್ಟುಕೊಳ್ಳಬೇಕು, ಇಲ್ಲವೇ ವಿಜ್ಞಾನದ ಉಪಾಧ್ಯಾಯರೇ ಎರಡೂ ಪಾಠಗಳನ್ನು ಹೊರಬೇಕು. ನಷ್ಟ ಹತ್ತನೆಯ ತರಗತಿಯ ಮಕ್ಕಳದು. ಈ ವಿಷಯವಾಗಿ 'ಅನುದಾನಿತ ಶಾಲೆಗಳ ಸಮಸ್ಯೆಗಳ ಬಗ್ಗೆ ಸರಕಾರದ ನಿಲುವೇನು?' ಎಂದು ಪ್ರಶ್ನೆ ಹೋದರೆ ಬರುವ ಉತ್ತರವನ್ನು ಮೊದಲೇ ಬರೆದಿಡಬಹುದು. ಅದರ ಬದಲು, ಚಿಕ್ಕಮಗಳೂರು ಜಿಲ್ಲೆಯ ಅನುದಾನಿತ ಪ್ರೌಢಶಾಲೆಗಳಲ್ಲಿ ಮಂಜೂರಾದ ಹುದ್ದೆಗಳೆಷ್ಟು, ನಿವೃತ್ತಿಯಿಂದಲೂ ಮರಣದಿಂದಲೂ ತೆರವಾದವು ವರ್ಷವಾರು ತಾಲೂಕುವಾರು ಎಷ್ಟು, ತುಂಬಲು ಬಂದ ಪ್ರಸ್ತಾವಗಳೆಷ್ಟು, ಅವುಗಳಲ್ಲಿ ಒಪ್ಪಿಗೆ ಕೊಟ್ಟವೆಷ್ಟು, ಉಳಿದವು ಯಾವ ಕಚೇರಿಯಲ್ಲಿ ಎಂದಿನಿಂದ ಇವೆ ಎಂದು ಕೇಳಿದರೆ ಇಲಾಖೆ ಅಂಕಿಯನ್ನು ಕೊಡಲೇಬೇಕಾಗುತ್ತದೆ. ಅಂತಹ ಪ್ರಶ್ನೆಯನ್ನು ಸದಸ್ಯರೇ ಕುಳಿತು ಬರೆಯಬೇಕೆಂದಿಲ್ಲ. ವಿಷಯ ತಿಳಿದ ಉಪಾಧ್ಯಾಯರು ಕರಡನ್ನು ಸಿದ್ಧಪಡಿಸಿ ಕಳುಹಿಸಬಹುದು. ಲೋಕಸಭೆಯಲ್ಲಿ ಪ್ರಶ್ನೆಗೆ ಪೂರ್ತಿ 15 ದಿನಗಳ ಮುಂಚೆ ಸೂಚನೆ ಹೋಗಬೇಕು. ವಿಧಾನಮಂಡಲದಲ್ಲಿಯೂ ಮುಂಗಡ ಸೂಚನೆಯ ನಿಯಮವಿರುವುದರಿಂದ ಅಧಿವೇಶನದ ದಿನಾಂಕ ಪ್ರಕಟವಾದೊಡನೆ ಪತ್ರ ಹೊರಡಬೇಕು.

ಉತ್ತರ ಬಂದ ಮೇಲಿನ ಕೆಲಸಕ್ಕೆ ಒಂದು ದಪ್ಪ ಟಿಪ್ಪಣಿ ಪುಸ್ತಕ ಸಾಕು. ವಿಧಾನಸಭೆಯ, ವಿಧಾನಪರಿಷತ್ತಿನ, ಲೋಕಸಭೆಯ ಪ್ರಶ್ನೋತ್ತರಗಳೂ ನಡವಳಿಗಳೂ ಈಗ ಆಯಾ ಸಚಿವಾಲಯಗಳ ಅಂತರ್ಜಾಲ ತಾಣಗಳಲ್ಲಿ ದೊರೆಯುತ್ತವೆ. ಅಲ್ಲಿ ಸಿಗದುದನ್ನು 2005ರ ಮಾಹಿತಿ ಹಕ್ಕು ಕಾನೂನಿನಂತೆ 10 ರೂಪಾಯಿ ಶುಲ್ಕದ ಅರ್ಜಿಯಿಂದ ಕೇಳಬಹುದು. ಪುಸ್ತಕದ ಪ್ರತಿ ಪುಟದಲ್ಲಿ ಪ್ರಶ್ನೆಯ ಸಂಖ್ಯೆ, ದಿನಾಂಕ, ಕೇಳಿದ ಸದಸ್ಯರ ಹೆಸರು, ಉತ್ತರಿಸಿದ ಇಲಾಖೆ, ಉತ್ತರದ ಸಾರ, ಅದರಲ್ಲಿ ಭರವಸೆಯ ಮಾತಿದ್ದರೆ ಅದನ್ನು ಅಡಿಗೆರೆ ಎಳೆದು ಬರೆದುಕೊಳ್ಳಬೇಕು. ಬಲಗಡೆ ಒಂದು ಅಂಕಣವನ್ನು ಖಾಲಿ ಬಿಡಬೇಕು. ಒಂಬತ್ತನೆಯ, ಹತ್ತನೆಯ ತರಗತಿಯ ಸಮಾಜವಿಜ್ಞಾನದ ಮಕ್ಕಳು ಪಾಳಿಯಂತೆ ಈ ಕೆಲಸವನ್ನು ಮಾಡಬಲ್ಲರು. ಮತದಾನದ ವಯಸ್ಸಿಗೆ ಅವರಿಗೆ ಉಳಿದಿರುವುದು ಮೂರು ನಾಲ್ಕು ವರ್ಷ ಮಾತ್ರ. ಆ ಖಾಲಿ ಅಂಕಣದಲ್ಲಿ ಆರು ತಿಂಗಳ ತರುವಾಯ, ಹುದ್ದೆ ತುಂಬಿತೇ, ಮೋರಿ ಕಟ್ಟಿದರೇ, ಆನೆಯ ಕಂದಕ ತೋಡಿದರೇ ಎಂಬುದನ್ನು ನೋಡಿ ಬಂದು ಬರೆಯುವುದು ಅವರ ಪಾಲಿಗೆ.